ಜಾಝ್ ಕೇಳಲು ಕೂತಾಗ ಏನನ್ನು ಎಣಿಸಬೇಕು?

"ಜಾಝ್ ಕೇಳಬೇಕು ಅಂತ ಆಸೆ ಇದೆ, ಆದರೆ ಎಲ್ಲಿಂದ ಶುರು ಮಾಡೋದು? ಹಾಕಿದ ಎರಡೇ ನಿಮಿಷಕ್ಕೆ ದಾರಿ ತಪ್ಪಿಹೋಗುತ್ತೆ." ಸಂಗೀತದ ಬಗ್ಗೆ ಏನು ಬರೆದರೂ ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ಒಬ್ಬೊಬ್ಬರಿಗೆ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದುಬಿಡೋಣ ಅಂತ ಕೂತಿದ್ದೇನೆ.

ದಾರಿ ತಪ್ಪಲು ಕಾರಣ ಒಂದೇ. ಜಾಝ್ ಸುತ್ತು ಸುತ್ತಾಗಿ ನಡೆಯುವ ಸಂಗೀತ. ಆ ಸುತ್ತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ತಾಳ ಗೊತ್ತಿಲ್ಲದವರು ಕಚೇರಿಯಲ್ಲಿ ಮೃದಂಗದವರ ತನಿ ಆವರ್ತನ ಕೇಳಿದ ಹಾಗೆ ಆಗುತ್ತದೆ. ಸದ್ದು ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಎಲ್ಲರೂ ಒಟ್ಟಿಗೆ "ಭಲೇ" ಅಂದಾಗ ನಾವು ಪಕ್ಕದವರ ಮುಖ ನೋಡುತ್ತೇವೆ. ಎಂಟು ಎಣಿಕೆಯ ಆದಿತಾಳ ಹಾಕಲು ಬಂದರೆ ಜಾಝ್ ಎಣಿಸಲೂ ಬರುತ್ತದೆ. ಬರದಿದ್ದರೂ ಚಿಂತೆ ಇಲ್ಲ, ಎಂಟರವರೆಗೆ ಎಣಿಸಲು ಬಂದರೆ ಸಾಕು.

ಇದಕ್ಕೆ ನಾನು ಆರಿಸಿಕೊಂಡಿರುವ ಮೇಷ್ಟ್ರು ಲಿಯನಾರ್ಡ್ ಬರ್ನ್‌ಸ್ಟೈನ್. ಅಮೆರಿಕದ ಆರ್ಕೆಸ್ಟ್ರಾ ನಿರ್ದೇಶಕ, ಪಿಯಾನೋ ವಾದಕ. 1955ರ ಅಕ್ಟೋಬರ್‌ನಲ್ಲಿ ಅವರು 'ಆಮ್ನಿಬಸ್' ಎನ್ನುವ ಟೀವಿ ಕಾರ್ಯಕ್ರಮದಲ್ಲಿ ಜಾಝ್ ಬಗ್ಗೆ ಒಂದು ಪಾಠ ಮಾಡಿದರು. ಮರುವರ್ಷ, 1956ರಲ್ಲಿ, ಅದೇ ವಿಷಯ 'ವಾಟ್ ಈಸ್ ಜಾಝ್' ಎನ್ನುವ ಎಲ್‌ಪಿ ರೆಕಾರ್ಡ್ ಆಗಿ ಕೊಲಂಬಿಯಾ ಕಂಪನಿಯಿಂದ ಬಂತು. ಪಿಯಾನೋ ಮುಂದೆ ಕೂತು ಮಾತಾಡುತ್ತಾರೆ, ನುಡಿಸುತ್ತಾರೆ, ಹಾಡಿಯೂ ತೋರಿಸುತ್ತಾರೆ. ಇಷ್ಟು ವರ್ಷ ಆದರೂ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ.

ಏನೇನು ಬೇಕು

ಒಂದು ಜೊತೆ ಇಯರ್‌ಫೋನ್. ಇದು ಕಡ್ಡಾಯ. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಎನ್ನುವ ದೊಡ್ಡ ತಂತಿವಾದ್ಯದ ತಗ್ಗು ಸದ್ದು ಹೆಚ್ಚುಕಮ್ಮಿ ಕೇಳುವುದೇ ಇಲ್ಲ. ಜಾಝ್‌ನಲ್ಲಿ ಎಣಿಕೆ ಹಿಡಿದು ನಡೆಸುವುದೇ ಬೇಸ್. ಅದಿಲ್ಲದೆ ಕೇಳಿದರೆ ತಂಬೂರಿ, ಮೃದಂಗ ಎರಡನ್ನೂ ತೆಗೆದು ಕಚೇರಿ ಕೇಳಿದ ಹಾಗೆ.

ಒಂದು ಹಾಳೆ, ಪೆನ್ನು. ಯಾರೂ ಅಡ್ಡ ಬರದ ಒಂದು ಗಂಟೆ. ಕಾರಿನಲ್ಲೋ ಅಡುಗೆ ಮಾಡುತ್ತಲೋ ಆಮೇಲೆ ಧಾರಾಳವಾಗಿ ಕೇಳಿ, ಮೊದಲ ವಾರ ಮಾತ್ರ ಬೇಡ.

ಆ್ಯಪ್‌ನಲ್ಲಿ ಷಫಲ್ ಆಫ್ ಮಾಡಿ. ಒಂದು ಹಾಡಿನ ಕೊನೆಯನ್ನು ಮುಂದಿನದರ ಮೇಲೆ ಹಾಸುವ ಕ್ರಾಸ್‌ಫೇಡ್ ಕೂಡ ಆಫ್ ಇರಲಿ. ಮುಖ್ಯ ಎಚ್ಚರಿಕೆ ಇನ್ನೊಂದಿದೆ. "ಜಾಝ್" ಅಂತ ಬರೀ ಒಂದು ಪದ ಹುಡುಕಬೇಡಿ. ಮಳೆ, ಕಾಫಿ ಕಪ್ಪು, ಕಿಟಕಿ ಚಿತ್ರ ಇರುವ ಹತ್ತು ಗಂಟೆಯ ವಿಡಿಯೋಗಳು ಬರುತ್ತವೆ. ಓದುವಾಗ ಹಿನ್ನೆಲೆಗೆ ಅವು ಪರವಾಗಿಲ್ಲ, ಕಲಿಯಲು ಉಪಯೋಗವಿಲ್ಲ. ಕಲಾವಿದರ ಹೆಸರು, ಹಾಡಿನ ಹೆಸರು, ಇಸವಿ ಮೂರನ್ನೂ ಸೇರಿಸಿ ಹುಡುಕಿ. ಒಂದೇ ಹಾಡನ್ನು ನೂರಾರು ಜನ ನುಡಿಸಿರುತ್ತಾರೆ. ಇಸವಿ ತಪ್ಪಿದರೆ ನಾನು ಒಂದನ್ನು ಹೇಳುತ್ತಿರುತ್ತೇನೆ, ನೀವು ಇನ್ನೊಂದನ್ನು ಕೇಳುತ್ತಿರುತ್ತೀರಿ.

1. ಪಾಠವನ್ನು ಒಮ್ಮೆ ಸುಮ್ನೆ ಕೇಳಿ

ಮೊದಲ ಸಲ ಏನನ್ನೂ ಬರೆದುಕೊಳ್ಳಬೇಡಿ. ಬರ್ನ್‌ಸ್ಟೈನ್ ಜಾಝ್‌ನ ಸ್ವರ, ಲಯ, ವಾದ್ಯಗಳ ದನಿ, ಹಾಡಿನ ಕಟ್ಟು, ಆಗಲೇ ಹೊಳೆದದ್ದನ್ನು ನುಡಿಸುವ ಮನೋಧರ್ಮ, ಹೀಗೆ ಒಂದೊಂದನ್ನೇ ಬಿಡಿಸಿ ತೋರಿಸುತ್ತಾರೆ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೆ ಗಾಬರಿ ಬೇಡ. ಹೇಳಿದ್ದನ್ನೆಲ್ಲ ತಕ್ಷಣ ನುಡಿಸಿ ತೋರಿಸುವುದರಿಂದ ಅರ್ಧಕ್ಕರ್ಧ ಕಿವಿಗೇ ತಿಳಿಯುತ್ತದೆ. ಅವರ ಮುಖ್ಯ ಮಾತು ಇಷ್ಟು: ಜಾಝ್‌ನಲ್ಲಿ ನುಡಿಸುವವನೇ ರಚನಕಾರ. ಹಾಳೆಯ ಮೇಲಿನ ಹಾಡು ಬರೀ ನೆಪ. ರಾಗ ಆಲಾಪನೆ, ಕಲ್ಪನಾಸ್ವರ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ ಅಲ್ವಾ?

ಮಾತಿನ ನಡುವೆ ಎರಡು ಪದ ಮತ್ತೆ ಮತ್ತೆ ಬರುತ್ತವೆ. ಅವು ಮೊದಲೇ ಗೊತ್ತಿರಲಿ. ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣ ಭಾಗದ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಕಟ್ಟು. ಜಾಝ್ ಇದರ ಮೇಲೇ ನಿಂತಿದೆ. ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಖಾನೆ. ಎರಡು ಬಾರ್ ಸೇರಿದರೆ ಎಂಟು ಎಣಿಕೆ, ಅಂದರೆ ನಮ್ಮ ಆದಿತಾಳ ಒಮ್ಮೆ ಪೂರ್ತಿ ಹಾಕಿದ ಹಾಗೆ, ಒಂದು ಆವರ್ತನ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆಲ್ಲ ಇದರ ಮೇಲೇ ಹೋಗುತ್ತೇವೆ.

2. ಬ್ಲೂಸ್ ಎಣಿಸಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಇದೊಂದು ಕೈಗೆ ಬಂದರೆ ಮಿಕ್ಕಿದ್ದು ಸಲೀಸು.

ಬ್ಲೂಸ್‌ನ ಒಂದು ಪದ್ಯಕ್ಕೆ ಮೂರು ಸಾಲು. ಮೊದಲ ಸಾಲನ್ನು ಎರಡನೆಯದಾಗಿ ಮತ್ತೆ ಹಾಡುತ್ತಾರೆ. ಮೂರನೆಯ ಸಾಲು ಉತ್ತರ ಕೊಡುತ್ತದೆ, ಅಥವಾ ಏಟು ಕೊಡುತ್ತದೆ. ಈ ಕಟ್ಟಿಗೆ ಯಾವ ಮಾತಾದರೂ ಕೂರುತ್ತದೆ ಅಂತ ತೋರಿಸಲು ಬರ್ನ್‌ಸ್ಟೈನ್ ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ನಿಂದ ಎರಡು ಸಾಲು ಎತ್ತಿಕೊಂಡು ಬ್ಲೂಸ್ ಹಾಡಿಬಿಡುತ್ತಾರೆ. ಪಾಠದಲ್ಲಿ ನಗು ಬರುವ ಜಾಗ ಅದು. ನಾವು ಕನ್ನಡದಲ್ಲೇ ಮಾಡಿ ನೋಡೋಣ.

ಬೆಳಿಗ್ಗೆ ಎದ್ದು ನೋಡಿದ್ರೆ ನಲ್ಲೀಲಿ ನೀರಿಲ್ಲ,
ಅಯ್ಯೋ, ಬೆಳಿಗ್ಗೆ ಎದ್ದು ನೋಡಿದ್ರೆ ನಲ್ಲೀಲಿ ನೀರಿಲ್ಲ,
ಟ್ಯಾಂಕರಿನವ್ನಿಗೆ ಫೋನ್ ಹಚ್ಚಿದ್ರೆ ಎತ್ತೋರು ಯಾರಿಲ್ಲ.

ಈಗ ತೊಡೆಯ ಮೇಲೆ ಆದಿತಾಳ ಹಾಕಿ. ತಟ್ಟು, ಕಿರುಬೆರಳು, ಉಂಗುರ, ನಡು. ತಟ್ಟು, ಬೀಸು. ತಟ್ಟು, ಬೀಸು. ಒಂದೊಂದು ಸಾಲಿಗೂ ಎರಡೆರಡು ಆವರ್ತನ. ಮೊದಲ ಆವರ್ತನದಲ್ಲಿ ಸಾಲು ಹಾಡಿ. ಎರಡನೆಯದರಲ್ಲಿ ಬಾಯಿ ಮುಚ್ಚಿಕೊಂಡು ತಾಳ ಮಾತ್ರ ಹಾಕಿ. ಆ ಖಾಲಿ ಜಾಗ ವಾದ್ಯದ್ದು. ಹಾಡುವವರು ಒಂದು ಮಾತು ಹೇಳುತ್ತಾರೆ, ಟ್ರಂಪೆಟ್ ಅದಕ್ಕೆ "ಹೌದಾ, ಆಮೇಲೆ?" ಅನ್ನುತ್ತದೆ. ಹೀಗೆ ಮೂರು ಸಾಲಿಗೆ ಆರು ಆವರ್ತನ, ಅಂದರೆ 12 ಬಾರ್. ಪುಸ್ತಕಗಳಲ್ಲಿ "ಹನ್ನೆರಡು ಬಾರ್ ಬ್ಲೂಸ್" ಅಂತ ದೊಡ್ಡದಾಗಿ ಹೇಳುವುದು ಇದನ್ನೇ.

ಇನ್ನೊಂದು ಪದರ ಇದೆ. ಹಿಂದೆ ಪಿಯಾನೋ, ಗಿಟಾರ್ ಹಿಡಿಯುವ ಸ್ವರಗುಚ್ಛಕ್ಕೆ ಕಾರ್ಡ್ ಅನ್ನುತ್ತಾರೆ. ಅದನ್ನು ಮನೆ ಅಂದುಕೊಳ್ಳಿ. ಮೊದಲ ಎರಡು ಆವರ್ತನ ಸಾ ಮನೆಯಲ್ಲಿ. ಮೂರನೆಯದು ಮಾ ಮನೆಗೆ ಹೋಗುತ್ತದೆ, ನಾಲ್ಕನೆಯದು ಮತ್ತೆ ಸಾ. ಐದನೆಯದರಲ್ಲಿ ಪಾ ಮನೆಗೆ ಹತ್ತಿ, ಮಾ ಮೂಲಕ ಇಳಿದು, ಆರನೆಯದರಲ್ಲಿ ಸಾಗೆ ವಾಪಸ್. ಗಮನಿಸಿ, ಎರಡನೇ ಸಾಲಿನ ಮಾತು ಮೊದಲಿನದ್ದೇ, ಆದರೆ ಕೆಳಗಿನ ನೆಲ ಬದಲಾಗಿದೆ. ನಲ್ಲಿಯಲ್ಲಿ ನೀರಿಲ್ಲ ಅನ್ನುವುದು ಮೊದಲ ಸಲ ಸುದ್ದಿ, ಎರಡನೇ ಸಲ ಸಂಕಟ. ಬ್ಲೂಸ್‌ನ ರುಚಿ ಇರುವುದು ಅಲ್ಲೇ.

ಈಗ ನಿಜವಾದದ್ದನ್ನು ಕೇಳಿ. ಬೆಸ್ಸಿ ಸ್ಮಿತ್ ಹಾಡಿದ 'ಸೇಂಟ್ ಲೂಯಿಸ್ ಬ್ಲೂಸ್', 1925ರ ಜನವರಿಯ ರೆಕಾರ್ಡಿಂಗ್. ಅವರು ಒಂದೊಂದು ಸಾಲು ಮುಗಿಸಿದಾಗಲೂ ಉತ್ತರ ಕೊಡುವ ಕಾರ್ನೆಟ್ ಲೂಯಿ ಆರ್ಮ್‌ಸ್ಟ್ರಾಂಗ್‌ದು. ಕಾರ್ನೆಟ್ ಟ್ರಂಪೆಟ್ಟಿನ ಗಿಡ್ಡ ತಮ್ಮ ಅಂದುಕೊಳ್ಳಿ. ಹಿಂದೆ ನಡೆಸುತ್ತಿರುವ ವಾದ್ಯ ಪಿಯಾನೋ ಅಲ್ಲ, ಹಾರ್ಮೋನಿಯಂ! ಭಜನೆ ಮನೆಯ ವಾದ್ಯವನ್ನು ಇಲ್ಲಿ ಕೇಳಿ ಎಷ್ಟೋ ಜನ ಬೆಚ್ಚಿಬೀಳುತ್ತಾರೆ. ಮೊದಲ ಎರಡು ಪದ್ಯ ಆರಾರು ಆವರ್ತನದ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ನಡುವೆ ಒಂದು ಭಾಗ ಮಾತ್ರ 16 ಬಾರ್, ಅಂದರೆ ಎಂಟು ಆವರ್ತನ. ಅಲ್ಲಿ ಲೆಕ್ಕ ತಪ್ಪಿದರೆ ತಪ್ಪು ನಿಮ್ಮದಲ್ಲ.

ಸಾಮಾನ್ಯ ಎಡವಟ್ಟು: ರೆಕಾರ್ಡಿಂಗ್ ಹಳೆಯದು, ಕರಕರ ಸದ್ದು ಇರುತ್ತದೆ. ಮೂವತ್ತು ಸೆಕೆಂಡಿಗೇ ನಿಲ್ಲಿಸಬೇಡಿ. ಎರಡು ನಿಮಿಷ ಕೊಟ್ಟರೆ ಕಿವಿ ಆ ಸದ್ದನ್ನು ತಾನೇ ಪಕ್ಕಕ್ಕಿಡುತ್ತದೆ.

3. ಚಪ್ಪಾಳೆಯನ್ನು ಬೀಸಿಗೆ ಸರಿಸಿ

ಈ ಹಂತ ಚಿಕ್ಕದು, ಆದರೆ ನಮ್ಮವರು ಹೆಚ್ಚು ತಪ್ಪುವುದು ಇಲ್ಲೇ. ನಮಗೆ ಸಮದ ಮೇಲೆ, ಅಂದರೆ ಮೊದಲ ಎಣಿಕೆಯ ಮೇಲೆ, ಒತ್ತು. ಜಾಝ್‌ನಲ್ಲಿ ಎರಡು ಮತ್ತು ನಾಲ್ಕರ ಮೇಲೆ. ಡ್ರಮ್ಸ್‌ನವರ ಕಾಲಡಿ ಹೈ-ಹ್ಯಾಟ್ ಅಂತ ಒಂದು ಜೋಡಿ ಲೋಹದ ತಟ್ಟೆ ಇರುತ್ತದೆ. ಅದು "ಚಿಕ್" ಅನ್ನುವುದು ಎರಡಕ್ಕೆ, ನಾಲ್ಕಕ್ಕೆ. ಆದಿತಾಳದ ಕೊನೆಯ ಭಾಗದಲ್ಲಿ ನಾವು ಗಾಳಿಯಲ್ಲಿ ಕೈ ಬೀಸುವ ಜಾಗದಲ್ಲಿ ಅವರು ಚಪ್ಪಾಳೆ ತಟ್ಟುತ್ತಾರೆ. ಹಾಗೆ ತಟ್ಟಿ ನೋಡಿ, ಮೊದಲು ಕೈ ಎಡವುತ್ತದೆ. ಎರಡು ದಿನ ಬೇಕು.

ಇದರ ಜೊತೆ ಸ್ವಿಂಗ್. ಒಂದು ಎಣಿಕೆಯನ್ನು ಸಮವಾಗಿ ಎರಡು ಭಾಗ ಮಾಡದೆ, ಮೊದಲನೆಯದನ್ನು ಉದ್ದ, ಎರಡನೆಯದನ್ನು ಗಿಡ್ಡ ಮಾಡುವುದು. ಮೂರರ ಎಣಿಕೆಯ ತಿಶ್ರ ನಡೆಯ "ತ-ಕಿ-ಟ" ಹೇಳಿ, ನಡುವಿನ "ಕಿ" ನುಂಗಿಬಿಡಿ. "ತ…ಟ, ತ…ಟ". ಹೆಚ್ಚುಕಮ್ಮಿ ಅದೇ ತೂಗಾಟ. ಗಣಿತದ ಹಾಗೆ ಕರಾರುವಾಕ್ಕಾಗಿ ಮೂರು ಭಾಗ ಅಲ್ಲ. ಹಾಡು ಓಡುವಾಗ ಉದ್ದ-ಗಿಡ್ಡದ ವ್ಯತ್ಯಾಸ ಕಡಿಮೆಯಾಗುತ್ತದೆ, ನಿಧಾನವಾದಾಗ ಜಾಸ್ತಿ.

4. ಒಂದು ಹಾಡು, ಹತ್ತು ಮುಖ

ಈಗ ಪಾಠದ ಕೊನೆಯ ಭಾಗಕ್ಕೆ ವಾಪಸ್ ಹೋಗಿ. ಬರ್ನ್‌ಸ್ಟೈನ್ 'ಸ್ವೀಟ್ ಸೂ' ಅನ್ನುವ ಒಂದೇ ಹಾಡನ್ನು ಬೇರೆ ಬೇರೆ ಶೈಲಿಗಳಲ್ಲಿ ಕೇಳಿಸುತ್ತಾರೆ. 1928ರ ಜನಪ್ರಿಯ ಹಾಡು ಅದು, ವಿಕ್ಟರ್ ಯಂಗ್ ಸಂಗೀತ. ನಿಜ ಹೇಳಬೇಕೆಂದರೆ ಹಾಡಿನಲ್ಲಿ ಅಂಥ ವಿಶೇಷವೇನಿಲ್ಲ. ಅದಕ್ಕೇ ಉದಾಹರಣೆಗೆ ಚೆನ್ನಾಗಿದೆ. ಕೊನೆಗೆ ಬರುವುದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ. ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್‌ನಲ್ಲಿ ಇದ್ದಾರೆ. 1956ರ ಸೆಪ್ಟೆಂಬರ್‌ನಲ್ಲಿ ಈ ಪಾಠಕ್ಕೆಂದೇ ಆ ತಂಡ ಇದನ್ನು ರೆಕಾರ್ಡ್ ಮಾಡಿತು.

ಈ ಹಾಡಿನ ಕಟ್ಟು ಬ್ಲೂಸ್ ಅಲ್ಲ, 32 ಬಾರ್. ಎಂಟೆಂಟು ಬಾರ್‌ನ ನಾಲ್ಕು ತುಂಡು. ಒಂದು ಧಾಟಿ, ಮತ್ತೆ ಅದೇ ಧಾಟಿ, ನಂತರ ಬೇರೊಂದು, ಕೊನೆಗೆ ಮೊದಲಿನದು. ಪಲ್ಲವಿ, ಪಲ್ಲವಿ, ಅನುಪಲ್ಲವಿ, ಪಲ್ಲವಿ ಅಂತ ನೆನಪಿಟ್ಟುಕೊಂಡರೂ ನಡೆಯುತ್ತದೆ. ಬೇರೆಯಾಗುವ ಆ ಮೂರನೇ ತುಂಡಿಗೆ ಬ್ರಿಡ್ಜ್, ಅಂದರೆ ಸೇತುವೆ, ಅನ್ನುತ್ತಾರೆ. ಇಡೀ ಸುತ್ತು ಒಮ್ಮೆ ಮುಗಿದರೆ ಅದು ಒಂದು ಕೋರಸ್. ನಮ್ಮಲ್ಲಿ ಕೋರಸ್ ಅಂದರೆ ಹಿಂದೆ ಗುಂಪಾಗಿ ಹಾಡುವವರು. ಇಲ್ಲಿ ಆ ಅರ್ಥವೇ ಇಲ್ಲ. ಈ ಒಂದು ಪದದಿಂದ ಆಗುವ ಗೊಂದಲ ಅಷ್ಟಿಷ್ಟಲ್ಲ.

ಉಳಿದ ಪದಗಳನ್ನು ಬೇಗ ಮುಗಿಸೋಣ. ಶುರುವಿನಲ್ಲಿ ಎಲ್ಲರೂ ಸೇರಿ ನುಡಿಸುವ ಮೂಲ ಧಾಟಿ ಹೆಡ್. ಆಮೇಲೆ ಒಬ್ಬೊಬ್ಬರೂ ಅದೇ ಸುತ್ತಿನ ಮೇಲೆ ತಮ್ಮ ಮನೋಧರ್ಮ ತೋರಿಸುವುದು ಸೋಲೊ. ಕೊನೆಯಲ್ಲಿ ಹೆಡ್ ಮತ್ತೆ ಬರುತ್ತದೆ. ಬೇಸ್‌ನವರು ಎಣಿಕೆಗೊಂದರಂತೆ ಸ್ವರ ಹಾಕುತ್ತಾ ನಡೆದರೆ ಅದು ವಾಕಿಂಗ್ ಬೇಸ್. ಸೋಲೊ ನಡೆಯುವಾಗ ಮೂಲ ಧಾಟಿ ಕೇಳುವುದಿಲ್ಲ, ಆದರೆ ಅದರ ಸುತ್ತು ಕೆಳಗೆ ತಿರುಗುತ್ತಲೇ ಇರುತ್ತದೆ.

5. ಎರಡು ಹಾಡು, ಒಂದು ವಾರ

ಪಾಠ ಮುಗಿಯಿತು, ಇನ್ನು ಮನೆಗೆಲಸ. 1959ರ 'ಕೈಂಡ್ ಆಫ್ ಬ್ಲೂ' ಆಲ್ಬಂ ಹುಡುಕಿ, ಮೈಲ್ಸ್ ಡೇವಿಸ್‌ದು. ಇಡೀ ಆಲ್ಬಂ ಬೇಡ, ಎರಡೇ ಹಾಡು.

ಮೊದಲು 'ಫ್ರೆಡ್ಡಿ ಫ್ರೀಲೋಡರ್'. ಇದು ಹನ್ನೆರಡು ಬಾರ್ ಬ್ಲೂಸ್, ಆರು ಆವರ್ತನದ ಸುತ್ತು. ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡಿನ ಮೇಲೆ ಸ್ವಲ್ಪ. ಹೆಡ್ ಎರಡು ಸುತ್ತು ಬರುತ್ತದೆ. ಆಮೇಲೆ ಸೋಲೊ ಸರದಿ: ಪಿಯಾನೋ ವಿಂಟನ್ ಕೆಲ್ಲಿ, ಟ್ರಂಪೆಟ್ ಮೈಲ್ಸ್, ತಗ್ಗು ದನಿಯ ಟೆನರ್ ಸ್ಯಾಕ್ಸೊಫೋನ್ ಕೋಲ್ಟ್ರೇನ್, ಅದಕ್ಕಿಂತ ಎತ್ತರದ ದನಿಯ ಆಲ್ಟೊ ಸ್ಯಾಕ್ಸೊಫೋನ್ ಕ್ಯಾನನ್‌ಬಾಲ್ ಆ್ಯಡರ್ಲಿ, ಬೇಸ್ ಪಾಲ್ ಚೇಂಬರ್ಸ್. ಡ್ರಮ್ಸ್ ಜಿಮ್ಮಿ ಕಾಬ್. ಹಾಳೆಯ ಮೇಲೆ ಒಬ್ಬೊಬ್ಬರ ಹೆಸರು ಬರೆದು, ಒಂದೊಂದು ಸುತ್ತು ಮುಗಿದಾಗಲೂ ಮುಂದೆ ಒಂದು ಗೆರೆ ಹಾಕುತ್ತಾ ಹೋಗಿ. ಮಧ್ಯೆ ಜಾರಿದರೆ ರಿವೈಂಡ್ ಮಾಡಬೇಡಿ. ಸೋಲೊ ಬದಲಾಗುವ ಜಾಗದಲ್ಲಿ ಮತ್ತೆ ಒಂದರಿಂದ ಹಿಡಿಯಿರಿ. ವಾದ್ಯ ಬದಲಾಗುವುದೇ ಹೊಸ ಸುತ್ತಿನ ಬಾಗಿಲು.

ಒಂದು ತಿರುವು ಇದೆ. ಹೆಡ್ ನುಡಿಸುವಾಗ ಕೊನೆಯ ಎರಡು ಬಾರ್‌ನಲ್ಲಿ ಸಾ ಮನೆಗೆ ಬರಬೇಕಾದವರು ಪಕ್ಕದ ಇನ್ನೊಂದು ಮನೆಗೆ ಜಾರಿಕೊಳ್ಳುತ್ತಾರೆ. ಬಾಗಿಲವರೆಗೆ ಬಂದು ಒಳಗೆ ಬರದ ನೆಂಟರ ಹಾಗೆ. ಲೆಕ್ಕ ಬದಲಾಗಿಲ್ಲ, ತಾಳ ಬಿಡಬೇಡಿ.

ಎರಡನೆಯದು 'ಸೋ ವಾಟ್'. 32 ಬಾರ್, ಹದಿನಾರು ಆವರ್ತನ. ಒಂದು ಸುತ್ತಿಗೆ ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಇದರ ಶುರುವಿನಲ್ಲಿ ಪಿಯಾನೋ ಮತ್ತು ಬೇಸ್ ಮಾತ್ರ ಸುಮಾರು ಅರ್ಧ ನಿಮಿಷ ತಾಳವಿಲ್ಲದೆ ಏನೋ ಪಿಸುಗುಡುತ್ತವೆ. ನಾನು ಮೊದಲ ಸಲ ಅಲ್ಲೇ ತಾಳ ಹಾಕಲು ಶುರು ಮಾಡಿ ಪೂರ್ತಿ ಹಾಡು ಅರ್ಧ ಆವರ್ತನ ಆಚೆ ಈಚೆ ಇದ್ದೆ. ಕೈ ಕಟ್ಟಿ ಕೂತಿರಿ. ಬೇಸ್ ಒಂದು ಪ್ರಶ್ನೆ ಕೇಳಿದ ಹಾಗೆ ನುಡಿಸಿ, ಅದಕ್ಕೆ ಎರಡು ಸ್ವರದ ಉತ್ತರ ಬರಲು ಶುರುವಾದಾಗ ಎಣಿಕೆ ಹಿಡಿಯಿರಿ.

ಸ್ವರಜ್ಞಾನ ಇರುವವರಿಗೆ ಇಲ್ಲೊಂದು ಬಹುಮಾನ ಇದೆ. ಪಲ್ಲವಿ ತುಂಡುಗಳ ಸ್ವರಗಳನ್ನು ಹಾಡಿಕೊಳ್ಳಿ, ಖರಹರಪ್ರಿಯ ರಾಗದ ಸ್ವರಗಳೇ. ಪಾಶ್ಚಾತ್ಯರು ಅದನ್ನು ಡೋರಿಯನ್ ಅನ್ನುತ್ತಾರೆ. ಎಂಟು ಆವರ್ತನ ಆದ ಮೇಲೆ ಸೇತುವೆ ಬಂದಾಗ ಇಡೀ ಖರಹರಪ್ರಿಯ ಅರ್ಧ ಸ್ವರ ಮೇಲಕ್ಕೆ ಏರುತ್ತದೆ, ಸಾ ಕೂಡ ಸೇರಿ. ನಾಲ್ಕು ಆವರ್ತನ ಅಲ್ಲಿದ್ದು ಮತ್ತೆ ಕೆಳಗೆ. ತಂಬೂರಿಗೆ ಒಗ್ಗಿದ ಕಿವಿಗೆ ಇದು ಮೆಟ್ಟಿಲೇ ಅಲುಗಾಡಿದ ಹಾಗೆ ಅನ್ನಿಸುತ್ತದೆ. ಅದಕ್ಕೇ ಒಂದು ಎಚ್ಚರಿಕೆ: ಸ್ವರಗಳು ಹೊಂದಿದವು ಅಂತ ರಾಗ ಹುಡುಕುತ್ತಾ ಹೋಗಬೇಡಿ. ಸಂಚಾರ, ನ್ಯಾಸ, ಗಮಕದ ನಿಯಮ ಯಾವುದೂ ಇಲ್ಲಿ ಇಲ್ಲ. ಬ್ಲೂಸ್‌ನಲ್ಲಿ ಎರಡು ಗಾಂಧಾರಗಳ ನಡುವೆ ಜಾರಾಡುವ ಸ್ವರ ಕೇಳಿದಾಗಲೂ ಅಷ್ಟೇ. ಅದಕ್ಕೆ ಬ್ಲೂ ನೋಟ್ ಅಂತ ಹೆಸರಿದೆ, ಅದರ ಪಾಡಿಗೆ ಅದನ್ನು ಬಿಡಿ.

ಸರದಿ ಮೈಲ್ಸ್, ಕೋಲ್ಟ್ರೇನ್, ಆ್ಯಡರ್ಲಿ, ತಲಾ ಎರಡು ಸುತ್ತು. ನಂತರ ಪಿಯಾನೋದಲ್ಲಿ ಬಿಲ್ ಎವಾನ್ಸ್, ಒಂದೇ ಸುತ್ತು. ಎವಾನ್ಸ್ ನುಡಿಸುವಾಗ ಹಿಂದಿನಿಂದ ಊದುವವರು ಆ ಎರಡು ಸ್ವರದ ಉತ್ತರವನ್ನು ಊದುತ್ತಾರೆ. ಹೆಡ್ ವಾಪಸ್ ಬಂತು ಅಂದುಕೊಂಡು ಎಣಿಕೆ ಬಿಟ್ಟುಬಿಡುವವರು ಬಹಳ. ಬಂದಿಲ್ಲ, ಅದು ಇನ್ನೂ ಸೋಲೊ.

6. ಪಾಠದಲ್ಲಿ ಇಲ್ಲದ್ದು

ಪಾಠ 1956ಕ್ಕೆ ನಿಲ್ಲುತ್ತದೆ. ಮೇಲೆ ಹೇಳಿದ ಎರಡು ಹಾಡೂ ಅದಾದ ಮೇಲಿನವೇ. ಅದೇ 1959ರಲ್ಲಿ ಡೇವ್ ಬ್ರೂಬೆಕ್ ತಂಡ ಐದರ ಎಣಿಕೆಯ 'ಟೇಕ್ ಫೈವ್' ನುಡಿಸಿತು. ಮೂರು ಕೂಡಿಸು ಎರಡು ಅಂತ ಎಣಿಸಬೇಕು, ನಮ್ಮ ಖಂಡಚಾಪಿನ ಎರಡು-ಮೂರು ತಲೆಕೆಳಗಾದ ಹಾಗೆ. ಇನ್ನೊಂದು ಕೊರತೆ, ಬರ್ನ್‌ಸ್ಟೈನ್ ಆರ್ಕೆಸ್ಟ್ರಾ ಲೋಕದಿಂದ ಬಂದವರು. ವ್ಯಾಕರಣ ಚೆನ್ನಾಗಿ ಹೇಳುತ್ತಾರೆ, ಜಾಝ್ ಹುಟ್ಟಿ ಬೆಳೆದ ಊರು-ಜನರ ಕತೆ ಕಡಿಮೆ. ಅದು ಬೇಕಿದ್ದರೆ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1954ರಲ್ಲಿ ಮಕ್ಕಳಿಗಾಗಿ ತಾವೇ ಓದಿದ 'ದ ಸ್ಟೋರಿ ಆಫ್ ಜಾಝ್' ರೆಕಾರ್ಡ್ ಕೇಳಿ. ಒಳಗಿನವರ ಬಾಯಲ್ಲೇ ಬೇಕು ಅಂದರೆ, ಮೇಲೆ ಹೆಸರಿಸಿದ ಕ್ಯಾನನ್‌ಬಾಲ್ ಆ್ಯಡರ್ಲಿ 1961ರಲ್ಲಿ ಮಕ್ಕಳಿಗೇ ಅಂತ ಇಂಥದ್ದೇ ಒಂದು ರೆಕಾರ್ಡ್ ಮಾಡಿದ್ದಾರೆ. ಮಕ್ಕಳದು ಅಂತ ಮೂಗು ಮುರಿಯಬೇಡಿ. ದೊಡ್ಡವರಿಗೆ ಅಂತ ಬರೆದ ಎಷ್ಟೋ ಪುಸ್ತಕಕ್ಕಿಂತ ಸ್ಪಷ್ಟವಾಗಿದೆ.

7. ನಮ್ಮ ಕಡೆಯ ಎರಡು ಬಾಗಿಲು

ಇವು ಕೊನೆಗೇ ಇರಲಿ. ಮೊದಲೇ ಕೇಳಿದರೆ ಪರಿಚಿತ ಭಾಗಕ್ಕೆ ಮಾತ್ರ ತಲೆದೂಗಿ ಎದ್ದುಬಿಡುತ್ತೇವೆ.

ಚಾರ್ಲಿ ಮರಿಯಾನೊ ಅಮೆರಿಕದ ಆಲ್ಟೊ ಸ್ಯಾಕ್ಸೊಫೋನ್ ವಾದಕ. ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ 1983ರಲ್ಲಿ 'ಜ್ಯೋತಿ' ಆಲ್ಬಂ ಮಾಡಿದರು. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಇನ್ನೊಂದು, ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ರುದ್ರೇಶ್ ಮಹಂತಪ್ಪ ಇಬ್ಬರೂ ಸ್ಯಾಕ್ಸೊಫೋನ್ ಹಿಡಿದು 2008ರಲ್ಲಿ ತಂದ 'ಕಿನ್ಸ್‌ಮೆನ್'. ಇಬ್ಬರದೂ ಒಂದೇ ವಾದ್ಯ. ಯಾರು ಯಾವಾಗ ನುಡಿಸುತ್ತಿದ್ದಾರೆ ಅಂತ ಹಾಳೆಯ ಮೇಲೆ ಗುರುತು ಹಾಕಿ. ಸ್ವರವನ್ನು ಎಲ್ಲಿ ತೂಗುತ್ತಾರೆ, ಎಲ್ಲಿ ಒಡೆಯುತ್ತಾರೆ ಎನ್ನುವುದರಿಂದಲೇ ಹೇಳಬಹುದು.

8. ಎದುರಿಗೆ ಕೂತು ಕೇಳುವಾಗ

ಊರಿನಲ್ಲಿ ಜಾಝ್ ಕಚೇರಿ ಇದ್ದರೆ ಹೋಗಿ, ಬೇಸ್ ಮತ್ತು ಡ್ರಮ್ಸ್ ಇಬ್ಬರೂ ಕಾಣುವ ಕಡೆ ಕೂರಿ. ಒಬ್ಬೊಬ್ಬರ ಸೋಲೊ ಮುಗಿದಾಗಲೂ, ಹಾಡು ಇನ್ನೂ ನಡೆಯುತ್ತಿರುವಾಗಲೇ, ಚಪ್ಪಾಳೆ ತಟ್ಟುವುದು ಅಲ್ಲಿನ ರೂಢಿ. ಬೇಸ್ ಸೋಲೊ ಬಂದಾಗ ಮಿಕ್ಕವರು ಸದ್ದು ಇಳಿಸುತ್ತಾರೆ. ಸಭೆ ಮಾತಾಡಲು ಶುರು ಮಾಡುವುದೂ ಆಗಲೇ, ನೀವು ಮಾಡಬೇಡಿ. ಕೊನೆಯ ಕಡೆ ನಾಲ್ಕು ಬಾರ್ ಒಬ್ಬರು, ನಾಲ್ಕು ಬಾರ್ ಡ್ರಮ್ಸ್ ಅಂತ ಹಂಚಿಕೊಂಡು ನುಡಿಸುತ್ತಾರೆ. ಅದಕ್ಕೆ ಟ್ರೇಡಿಂಗ್ ಫೋರ್ಸ್ ಅಂತ ಹೆಸರು, ತನಿಯಲ್ಲಿ ಮೃದಂಗ-ಘಟದ ಸವಾಲ್-ಜವಾಬ್ ಇದ್ದ ಹಾಗೆ. ಎರಡೆರಡು ಆವರ್ತನ ಹಾಕುತ್ತಾ ಇರಿ. ಆಟ ಮುಗಿದು ಹೆಡ್ ಬರುವ ಎಣಿಕೆ ನಿಮ್ಮ ತೊಡೆಯ ಮೇಲೆ ಮೊದಲೇ ಗೊತ್ತಾಗುತ್ತದೆ.